ವರ್ಷಕ್ಕೊಂದು ಪುಟ್ಟ ನಿಲುವಂಗಿ



ಶಾಲೆಯ ಬಾಗಿಲು ಮತ್ತೆ ತೆರೆದಿದೆ. ಪುಸ್ತಕಗಳಿಗೆ ಬೈಂಡು ಹಾಕಿಯಾಯಿತು, ಬ್ಯಾಗು ಬಂತು, ಬೂಟು ಬಂತು. ಈ ದಿನಗಳಲ್ಲಿ ನಮ್ಮ ಕೋಡಿಹಳ್ಳಿಯ ಯಾವ ಟೈಲರ್ ಅಂಗಡಿಯ ಮುಂದೆ ನಿಂತರೂ ತಾಯಂದಿರ ಒಂದೇ ಮಾತು ಕಿವಿಗೆ ಬೀಳುತ್ತದೆ: "ಸ್ವಲ್ಪ ದೊಡ್ಡದಾಗೇ ಹೊಲೀರಣ್ಣ, ಒಳಗಡೆ ಬಟ್ಟೆ ಮಡಿಚಿ ಬಿಡಿ, ಮುಂದಿನ ವರ್ಷಕ್ಕೂ ಆಗ್ಲಿ." ಈ ಮಾತಿನಲ್ಲಿ ತಪ್ಪೇನೂ ಇಲ್ಲ. ರಾಗಿ ಬೆಳೆದು, ರೇಷ್ಮೆ ಹುಳು ಸಾಕಿ ಬದುಕುವ ಮನೆಗಳ ನ್ಯಾಯವಾದ ಲೆಕ್ಕಾಚಾರ ಅದು. ಆದರೆ ಮಗನಿಗೆ ಪ್ರತಿವರ್ಷವೂ ಹೊಸದಾಗಿ ಅಂಗಿ ಹೊಲಿದ ಒಬ್ಬ ತಾಯಿ ಪವಿತ್ರ ಬೈಬಲಿನಲ್ಲಿದ್ದಾಳೆ. ಶಾಲಾವರ್ಷದ ಈ ಮೊದಲ ದಿನಗಳಲ್ಲಿ ಆಕೆಯನ್ನು ನಿಮ್ಮ ಮುಂದೆ ನಿಲ್ಲಿಸಬೇಕೆಂದು ನನ್ನ ಆಸೆ. ಸೂಚನೆಗಳನ್ನೆಲ್ಲ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಡೈರಿಯಲ್ಲಿ ಬರೆಸಿ ಕಳಿಸುತ್ತಾರೆ. ಆ ಸೂಚನೆಗಳ ಹಿಂದೆ ಇರುವ ಆತ್ಮದ ಮಾತನ್ನು ಹೇಳುವುದು ನನ್ನ ಪಾಲಿನ ಕೆಲಸ.

ಆ ತಾಯಿ ಹನ್ನಳು. ಮಕ್ಕಳಿಲ್ಲವೆಂದು ಸವತಿಯಿಂದ ಹಂಗಿಸಿಕೊಂಡವಳು, ಶಿಲೋವಿನ ದೇವಮಂದಿರದಲ್ಲಿ ತುಟಿಯನ್ನಷ್ಟೇ ಅಲುಗಿಸುತ್ತ ಅತ್ತವಳು, ಕುಡಿದು ಬಂದಿದ್ದಾಳೆಂದು ಯಾಜಕ ಏಲಿಯಿಂದಲೇ ಬೈಸಿಕೊಂಡವಳು. ದೇವರು ಅವಳ ಕಣ್ಣೀರನ್ನು ಕಂಡರು; ಸಮುವೇಲನನ್ನು ಕೊಟ್ಟರು. ಕೊಟ್ಟ ಮಗುವನ್ನು ಅವಳು ಹಾಲು ಬಿಡಿಸಿದ ಮೇಲೆ ಕೊಟ್ಟವರಿಗೇ ಒಪ್ಪಿಸಿದಳು. ನಾವು ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೇ ನಿಲ್ಲಿಸಿಬಿಡುತ್ತೇವೆ. ಆದರೆ ಗ್ರಂಥಕರ್ತ ಇನ್ನೊಂದು ಸಣ್ಣ ಸಂಗತಿಯನ್ನು ಬಿಡದೆ ದಾಖಲಿಸಿದ್ದಾನೆ. ವರ್ಷದ ಬಲಿಯರ್ಪಣೆಗೆ ಗಂಡನೊಡನೆ ಹೋಗುವಾಗಲೆಲ್ಲ ಹನ್ನಳು ಮಗನಿಗೆಂದು ಪುಟ್ಟ ನಿಲುವಂಗಿಯೊಂದನ್ನು ಮಾಡಿ ಒಯ್ಯುತ್ತಿದ್ದಳು. ಯೋಚಿಸಿ ನೋಡಿ, ಅಳತೆ ತೆಗೆದುಕೊಳ್ಳಲು ಮಗ ಕಣ್ಣೆದುರು ಇರಲಿಲ್ಲ. ಈ ವರ್ಷ ಎಷ್ಟು ಎತ್ತರ ಬೆಳೆದಿರಬಹುದು, ಭುಜ ಎಷ್ಟು ಅಗಲವಾಗಿರಬಹುದು ಎಂದು ಊಹಿಸುತ್ತ, ಊಹಿಸುತ್ತಲೇ ಪ್ರಾರ್ಥಿಸುತ್ತ, ಪ್ರಾರ್ಥಿಸುತ್ತಲೇ ಹೊಲಿದಿರಬೇಕು ಆಕೆ. ಮಗನನ್ನು ಒಪ್ಪಿಸಿದಳು, ಆದರೆ ಕೈತೊಳೆದುಕೊಳ್ಳಲಿಲ್ಲ. ಬಿಟ್ಟುಬಂದಳು, ಆದರೆ ಬಿಟ್ಟುಬಿಡಲಿಲ್ಲ. ದೇವರಿಗೆ ಕೊಟ್ಟ ಮಗ ಇನ್ನು ದೇವರ ಪಾಡು ಎನ್ನಲಿಲ್ಲ; ದೇವರಿಗೆ ಕೊಟ್ಟ ಮಗನಾದ್ದರಿಂದಲೇ ಪ್ರತಿವರ್ಷವೂ ಹೊಸದಾಗಿ ಅವನ ತಾಯಿಯಾದಳು.

ಪ್ರಿಯರೇ, ಅದೇ ಶಿಲೋವಿನಲ್ಲಿ ಇನ್ನಿಬ್ಬರು ಹುಡುಗರೂ ಬೆಳೆದಿದ್ದರು ಎಂಬುದನ್ನು ಮರೆಯಬೇಡಿ. ಏಲಿಯ ಮಕ್ಕಳಾದ ಹೊಫ್ನಿ ಮತ್ತು ಫೀನೆಹಾಸ. ಹುಟ್ಟಿದ್ದು ಯಾಜಕನ ಮನೆಯಲ್ಲಿ, ಬೆಳೆದದ್ದು ಪವಿತ್ರ ಪೀಠದ ನೆರಳಿನಲ್ಲಿ, ಉಂಡದ್ದು ದೇವರ ಬಲಿಯ ಪಾಲನ್ನು. ಆದರೂ ಕುದಿಯುವ ಪಾತ್ರೆಗೆ ಆಳಿನ ಕೈಯಿಂದ ಮೂರು ಹಲ್ಲಿನ ಕೊಂಡಿ ಹಾಕಿಸಿ, ಎದ್ದು ಬಂದ ಮಾಂಸವನ್ನೆಲ್ಲ ತಮ್ಮದೆಂದರು. ಬಡವರ ಅರ್ಪಣೆಯನ್ನು ಬಲವಂತದಿಂದ ಕಸಿದುಕೊಂಡರು. ದೇವಸೇವೆಗೆ ಬಂದ ಹೆಂಗಸರ ಮೇಲೂ ಕೈ ಹಾಕಿದರು. ತಂದೆಗೆ ಎಲ್ಲವೂ ತಿಳಿದಿತ್ತು. ಒಮ್ಮೆ ಬೈದ, ಸುಮ್ಮನಾದ, ತಡೆಯಲಿಲ್ಲ. ಆದ್ದರಿಂದ, ಮಕ್ಕಳನ್ನು ಕಥೋಲಿಕ ಶಾಲೆಗೆ ಸೇರಿಸಿಬಿಟ್ಟಿದ್ದೇವೆ, ಇನ್ನು ಅವರ ಭಕ್ತಿಗೂ ಶಿಸ್ತಿಗೂ ಸಿಸ್ಟರುಗಳೇ ಹೊಣೆ ಎಂದು ನೆಮ್ಮದಿಯಾಗಿರುವ ತಂದೆತಾಯಿಯರಿಗೆ ನಾನು ಮಮತೆಯಿಂದಲೇ ಹೇಳುತ್ತೇನೆ: ದೇವಾಲಯದ ಗೋಡೆ ಏಲಿಯ ಮಕ್ಕಳನ್ನು ಉಳಿಸಲಿಲ್ಲ. ಶಾಲೆಯ ಗೋಡೆಯ ಮೇಲಿನ ಶಿಲುಬೆಯೂ ತಾನೇ ಇಳಿದುಬಂದು ನಿಮ್ಮ ಮಗನ ಎದೆಯಲ್ಲಿ ನಿಲ್ಲುವುದಿಲ್ಲ. ಇನ್ನೂ ಗಂಭೀರವಾದ ಸಂಗತಿಯಿದೆ. ಮುಂದೆ ಸಮುವೇಲನಿಗೂ ಮಕ್ಕಳಾದರು. ಬೇರ್ಷೆಬದಲ್ಲಿ ನ್ಯಾಯಾಧಿಪತಿಗಳಾಗಿ ಕುಳಿತ ಆ ಯೋವೇಲನೂ ಅಬೀಯನೂ ಲಂಚ ತಿಂದರು. ಪ್ರವಾದಿಯ ಮಕ್ಕಳು! ಹೊಲ ಮನೆಗಳಂತೆ ವಿಶ್ವಾಸವನ್ನು ಮಕ್ಕಳ ಹೆಸರಿಗೆ ಖಾತೆ ಮಾಡಿಕೊಡಲಾಗದು. ಪ್ರತಿ ತಲೆಮಾರೂ ವರಪ್ರಸಾದವನ್ನು ಮೊಣಕಾಲೂರಿಯೇ ಬೇಡಿ ಪಡೆಯಬೇಕು.

ಧರ್ಮಸಭೆ ಈ ವಿಷಯದಲ್ಲಿ ಎಂದೂ ಅಸ್ಪಷ್ಟವಾಗಿ ಮಾತಾಡಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಕ್ರೈಸ್ತ ಶಿಕ್ಷಣದ ಬಗ್ಗೆ ಹೊರಡಿಸಿದ ಘೋಷಣೆಯಲ್ಲಿ, ಮಕ್ಕಳಿಗೆ ಮೊದಲ ಗುರುಗಳೂ ಮುಖ್ಯ ಗುರುಗಳೂ ತಂದೆತಾಯಿಯರೇ ಎಂದು ಬೋಧಿಸಿತು. ಆ ಹೊಣೆಯನ್ನು ಅವರು ಹೊರದಿದ್ದರೆ ಬೇರೆಯವರು ಅದನ್ನು ತುಂಬಿಕೊಡುವುದು ಬಹಳ ಕಷ್ಟವೆಂದೂ ಎಚ್ಚರಿಸಿತು. ಅದಕ್ಕೆ ಅರವತ್ತು ವರ್ಷ ತುಂಬಿದ 2025ರಲ್ಲೇ ವಿಶ್ವಗುರು ಹದಿನಾಲ್ಕನೇ ಲಿಯೋರವರು ಸಂತ ಜಾನ್ ಹೆನ್ರಿ ನ್ಯೂಮನ್‌ರನ್ನು ಧರ್ಮಸಭೆಯ ಪಂಡಿತರೆಂದು ಸಾರಿ, ಸಂತ ತೋಮಸ್ ಅಕ್ವಿನಾಸರ ಜೊತೆಗೆ ಶಿಕ್ಷಣದ ಪಾಲಕರನ್ನಾಗಿಯೂ ಕೊಟ್ಟರು. ನಮ್ಮ ನಾಡಿನಲ್ಲೂ ಈ ಪರಂಪರೆ ನಿನ್ನೆ ಮೊನ್ನೆಯದಲ್ಲ. 1649ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿ ಮೊದಲು ಮಾಡಿದ ಕೆಲಸ ಕನ್ನಡ ಕಲಿತದ್ದು. ಕನ್ನಡದಲ್ಲೇ ಧರ್ಮೋಪದೇಶದ ಪುಸ್ತಕ ಬರೆದದ್ದು. 1854ರಲ್ಲಿ ಗುಡ್ ಶೆಫರ್ಡ್ ಸಿಸ್ಟರುಗಳು ಬೆಂಗಳೂರಿಗೆ ಬಂದರು, 1882ರಲ್ಲಿ ಟಾರ್ಬ್ಸ್‌ನ ಸಂತ ಜೋಸೆಫರ ಸಿಸ್ಟರುಗಳು ಬಂದರು. ಸಮುದ್ರ ದಾಟಿ ಬಂದ ಆ ಹೆಣ್ಣುಮಕ್ಕಳು ಇಲ್ಲಿನ ಹೆಣ್ಣುಮಕ್ಕಳ ಕೈಗೆ ಪುಸ್ತಕ ಕೊಟ್ಟರು. ಅವರು ತಮ್ಮ ಊರು ಬಿಟ್ಟು ಬಂದದ್ದು ನಿಮ್ಮ ಬದಲಿಗೆ ನಿಲ್ಲಲು ಅಲ್ಲ, ನಿಮ್ಮ ಪಕ್ಕದಲ್ಲಿ ನಿಲ್ಲಲು.

ಇನ್ನು ನಮ್ಮ ಮನೆಗಳ ಮಾತಿಗೆ ಬರೋಣ. ದಾಖಲಾತಿಯಿಂದಲೇ ಶುರುಮಾಡುತ್ತೇನೆ, ಏಕೆಂದರೆ ಪಾಪವೂ ಎಷ್ಟೋ ಸಲ ಅಲ್ಲಿಂದಲೇ ಶುರುವಾಗುತ್ತದೆ. ಒಂದನೆಯ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ ಸರ್ಕಾರದ ನಿಯಮ ನಿಮಗೆಲ್ಲ ಗೊತ್ತಿದೆ. ಒಂದೆರಡು ತಿಂಗಳು ಕಡಿಮೆ ಬಿದ್ದ ಕೂಡಲೇ ಹುಟ್ಟಿದ ತಾರೀಖನ್ನೇ ತಿದ್ದಿಸಲು ಓಡಾಡುವವರಿದ್ದಾರೆ. ಎಲ್ಲರೂ ಮಾಡ್ತಾರೆ ಸ್ವಾಮಿ ಎನ್ನುತ್ತಾರೆ. ಎಲ್ಲರೂ ಮಾಡುವುದರಿಂದ ಸುಳ್ಳು ಸತ್ಯವಾಗುವುದಿಲ್ಲ; ರಬ್ಬರ್ ಸ್ಟ್ಯಾಂಪ್ ಬಿದ್ದ ಮಾತ್ರಕ್ಕೆ ಪಾಪ ಪುಣ್ಯವಾಗುವುದಿಲ್ಲ. ಮಗುವಿನ ಹೆಸರಿನಲ್ಲಿ ಬರೆಯುವ ಮೊಟ್ಟಮೊದಲ ಸಾಲನ್ನೇ ಸುಳ್ಳಾಗಿ ಬರೆಸಿ, ನಾಳೆ ಅದೇ ಮಗುವಿಗೆ ಸುಳ್ಳು ಹೇಳಬೇಡ ಎಂದು ಯಾವ ಮುಖದಿಂದ ಹೇಳುತ್ತೀರಿ? ಒಂದು ವರ್ಷ ಕಾಯಿರಿ. ದೇವರ ಲೆಕ್ಕದಲ್ಲಿ ನಿಮ್ಮ ಮಗು ಹಿಂದೆ ಬೀಳುವುದಿಲ್ಲ. (ಅರ್ಜಿಯಲ್ಲಿ ಜಿಲ್ಲೆ ಯಾವುದೆಂದು ಬರೆಯಬೇಕು ಎಂದು ಹಲವರು ಕೇಳುತ್ತಿದ್ದಾರೆ. 2025ರಲ್ಲಿ ರಾಮನಗರ ಜಿಲ್ಲೆ ಬೆಂಗಳೂರು ದಕ್ಷಿಣವಾಯಿತು, ಹಾಗೆಯೇ ಬರೆಯಿರಿ. ಊರಿನ ಹೆಸರನ್ನಂತೂ ಯಾರೂ ಬದಲಿಸಿಲ್ಲ.)

ಎರಡನೆಯದು ಹಾಜರಿಯ ವಿಷಯ. ಹುಳು ಹಣ್ಣಾಗುವ ದಿನಗಳಲ್ಲಿ ನಮ್ಮ ಶಾಲೆಯ ಬೆಂಚುಗಳು ಖಾಲಿಯಾಗುತ್ತವೆ. ನನಗೆ ನಿಮ್ಮ ಕಷ್ಟ ಗೊತ್ತು. ಕೊನೆಯ ಪೊರೆ ಕಳಚಿ ಜ್ವರದಿಂದೆದ್ದ ಹುಳು ಹಗಲಿರುಳು ಸೊಪ್ಪು ಬೇಡುತ್ತದೆ, ಹಣ್ಣು ಹುಳುವನ್ನು ಹೊತ್ತಿಗೆ ಸರಿಯಾಗಿ ಗೂಡು ಕಟ್ಟುವ ಚಂದ್ರಿಕೆಗೆ ಹಾಕದಿದ್ದರೆ ಒಂದು ತಿಂಗಳ ದುಡಿಮೆ ಮಣ್ಣುಪಾಲು, ಗೂಡಿನ ರೇಟಿನ ಮೇಲೆ ಮನೆಯ ಸಾಲವೆಲ್ಲ ನಿಂತಿದೆ. ಆದರೂ ಆ ಎರಡು ಪುಟ್ಟ ಕೈಗಳನ್ನು ಶಾಲೆಗೇ ಕಳಿಸಿಕೊಡಿ. ನೀವು ಹುಳುಮನೆಗೆ ಹೋಗುವ ರೀತಿಯನ್ನು ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ. ಕೈಕಾಲು ತೊಳೆಯದೆ ಒಳಗೆ ಕಾಲಿಡುವುದಿಲ್ಲ. ತಂಬಾಕಿನ ಸೋಂಕು ಹುಳುವಿಗೆ ವಿಷವೆಂದು ಬೀಡಿಯನ್ನು ಹೊರಗೇ ಎಸೆದು ಹೋಗುತ್ತೀರಿ. ಶೆಕೆಯಾದರೆ ಗೋಣಿತಾಟು ಒದ್ದೆಮಾಡಿ ಕಟ್ಟುತ್ತೀರಿ, ಚಳಿಯಾದರೆ ಕೆಂಡ ಇಡುತ್ತೀರಿ. ಅಂಥ ಮನುಷ್ಯ ಸಂಜೆ ಮಗನ ಪಕ್ಕದಲ್ಲೇ ಕುಳಿತು ಬೀಡಿ ಹಚ್ಚುತ್ತಾನೆ, ಮಗಳ ಕಿವಿಯ ಮುಂದೆಯೇ ಹೆಂಡತಿಗೆ ಕೆಟ್ಟ ಮಾತಾಡುತ್ತಾನೆ, ತೊಳೆಯದ ಮನಸ್ಸಿನಿಂದ ಮಕ್ಕಳ ಹತ್ತಿರ ಬರುತ್ತಾನೆ. ಹುಳುವಿಗೆ ತೋರುವ ಎಚ್ಚರದ ಅರ್ಧದಷ್ಟನ್ನು ಮಕ್ಕಳ ಆತ್ಮಕ್ಕೆ ತೋರಿಸಿರಿ ಎಂದು ಕ್ರಿಸ್ತರ ಹೆಸರಿನಲ್ಲಿ ಬೇಡುತ್ತೇನೆ. ನಾಲ್ಕು ವಾರದಲ್ಲಿ ಮಾರುಕಟ್ಟೆಗೆ ಹೋಗುವ ಗೂಡಿಗೆ ಅಷ್ಟು ಕಾವಲು. ನಿತ್ಯಜೀವಕ್ಕೆ ಹೋಗಬೇಕಾದ ಆತ್ಮಕ್ಕೆ ಎಷ್ಟು ಕಾವಲು ಬೇಡ?

ಕಾವಲಿನ ಮಾತು ಬಂತು. ನಮ್ಮ ಕೋಡಿಹಳ್ಳಿ ಕಾವೇರಿ ವನ್ಯಜೀವಿಧಾಮದ ಅಂಚಿನ ಊರು. ಬೆಳಕು ಹರಿಯುವ ಮುಂಚೆ, ಕತ್ತಲಾದ ಮೇಲೆ ಆನೆ ರಸ್ತೆಗೆ ಬರುವುದು ಹೊಸ ಸುದ್ದಿಯಲ್ಲ. ಟ್ಯೂಷನ್ನಿಗೆಂದು, ಜಪಸರ ಪ್ರಾರ್ಥನೆಗೆಂದು ಚಿಕ್ಕಮಕ್ಕಳನ್ನು ಆ ಹೊತ್ತಿನಲ್ಲಿ ಒಂಟಿಯಾಗಿ ಕಳಿಸಬೇಡಿ. ಮಾತೆ ಮರಿಯಮ್ಮನಿಗೆ ಮಕ್ಕಳ ಜಪ ಇಷ್ಟ. ದೊಡ್ಡವರ ಅಜಾಗ್ರತೆ ಇಷ್ಟವಿಲ್ಲ. ಆನೆಗಿಂತ ಹೆಚ್ಚಿನ ಅಪಾಯ ಎರಡು ಕಾಲಿನದು. ಮಗು ಯಾರಾದರೊಬ್ಬರ ಹೆಸರು ಹೇಳಿ ಹೆದರಿದರೆ, ಆ ವ್ಯಕ್ತಿ ನೆಂಟನೇ ಆಗಿರಲಿ, ಮೇಷ್ಟ್ರೇ ಆಗಿರಲಿ, ನನ್ನಂತೆ ನಿಲುವಂಗಿ ತೊಟ್ಟವನೇ ಆಗಿರಲಿ, ಮೊದಲು ಮಗುವಿನ ಮಾತನ್ನು ನಂಬಿ. ಮಾನ ಹೋಗುತ್ತದೆಂದು ಮುಚ್ಚಿಡುವುದು ಏಲಿಯ ಪಾಪ. ಮಕ್ಕಳ ಸಹಾಯವಾಣಿ 1098 ಹಗಲಿರುಳೂ ಇದೆ. ಆ ಸಂಖ್ಯೆಯನ್ನು ಮಗುವಿಗೂ ಬಾಯಿಪಾಠ ಮಾಡಿಸಿ.

ಶಿಕ್ಷಕ ಶಿಕ್ಷಕಿಯರೇ, ನಿಮಗೂ ಒಂದು ಮಾತಿದೆ. ಸಂತ ಅಗಸ್ಟೀನರು ತಮ್ಮ ಪಾಪನಿವೇದನೆಯ ಗ್ರಂಥದಲ್ಲಿ ತಮ್ಮ ಬಾಲ್ಯದ ಶಾಲೆಯನ್ನು ನೆನೆಯುತ್ತಾರೆ. ಆ ಪುಟ್ಟ ಹುಡುಗ ದೇವರಲ್ಲಿ ಮಾಡಿದ ಮೊದಮೊದಲ ಪ್ರಾರ್ಥನೆಗಳು ಯಾವುವು ಗೊತ್ತೇ? ಶಾಲೆಯಲ್ಲಿ ಪೆಟ್ಟು ಬೀಳದಿರಲಿ ಎಂಬ ಮೊರೆಗಳು. ಅವನ ಮೈಮೇಲಿನ ಬಾಸುಂಡೆಗಳನ್ನು ಕಂಡು ದೊಡ್ಡವರು ನಕ್ಕರು, ತಂದೆತಾಯಿಯೂ ನಕ್ಕರು. ಮುಂದೆ ಬಿಷಪರಾಗಿ, ಧರ್ಮಸಭೆಯ ಮಹಾಪಂಡಿತರಾಗಿ, ನಡುವಯಸ್ಸಿಗೆ ಬಂದ ಮೇಲೂ ಆ ನಗುವನ್ನು ಅವರು ಮರೆತಿರಲಿಲ್ಲ. ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯಿದೆಯ ಹದಿನೇಳನೆಯ ಕಲಮು ನಿಷೇಧಿಸಿದೆ. ನಮಗೆ ಕಾನೂನಿಗಿಂತ ಮೊದಲೇ ಸುವಾರ್ತೆಯಿತ್ತು. ಕಾನೂನು ಬರುವ ತನಕ ಅದು ನಮಗೆ ಕೇಳಿಸದೆ ಹೋದದ್ದು ನಾಚಿಕೆಯ ಸಂಗತಿ. ಪೋಷಕರೇ, "ಎರಡೇಟು ಬಿಡಿ ಮೇಷ್ಟ್ರೇ, ನಾವೇನೂ ಅನ್ನಲ್ಲ" ಎಂದು ಬಂದು ಹೇಳುವುದನ್ನು ಈ ವರ್ಷದಿಂದ ನಿಲ್ಲಿಸಿ.

ಭಾಷೆಯ ಬಗ್ಗೆಯೂ ಹೇಳಬೇಕು. ಇದು ನನ್ನ ಮನಸ್ಸನ್ನು ಬಹುಕಾಲದಿಂದ ಕೊರೆಯುತ್ತಿರುವ ವಿಷಯ. ಮಗು ಇಂಗ್ಲಿಷ್ ಕಲಿಯಲಿ, ಚೆನ್ನಾಗಿಯೇ ಕಲಿಯಲಿ. ಆದರೆ ಅಜ್ಜಿ ಕನ್ನಡದಲ್ಲಿ ಜಪಸರ ಹೇಳುವಾಗ ಮೊಮ್ಮಗನಿಗೆ "ನಮೋ ಮರಿಯಾ" ಬಾರದೆ ಅವನು ಬಾಯಿ ಮುಚ್ಚಿ ಕೂರುವಂತಾದರೆ ಆ ಮನೆಯ ಪ್ರಾರ್ಥನೆ ಎರಡು ಹೋಳಾಗುತ್ತದೆ. ಶಿಕ್ಷಕರ ಪಾಲಕರೆಂದು ಹನ್ನೆರಡನೇ ಪಿಯುಸ್ ವಿಶ್ವಗುರುಗಳು 1950ರಲ್ಲಿ ಸಾರಿದ ಸಂತ ಜಾನ್ ಬ್ಯಾಪ್ಟಿಸ್ಟ್ ದೆ ಲಾ ಸಾಲ್‌ರವರು, ಸಾಮಾನ್ಯವಾಗಿ ಲತೀನಿನಲ್ಲೇ ಓದು ಕಲಿಸುತ್ತಿದ್ದ ಕಾಲದಲ್ಲಿ ಬಡಮಕ್ಕಳಿಗೆ ಅವರ ಮನೆಮಾತಾದ ಫ್ರೆಂಚಿನಲ್ಲೇ ಓದು ಶುರುಮಾಡಿಸಿದರು. ನಮ್ಮ ಕನಕಪುರ ತಾಲ್ಲೂಕಿನ ಹಾರೋಬೆಲೆಯನ್ನೇ ನೋಡಿ. ಅಲ್ಲಿನ ಜನ ಯೇಸುಸ್ವಾಮಿಯ ಪಾಡುಗಳನ್ನು ತಪಸ್ಸು ಕಾಲದಲ್ಲಿ ಕನ್ನಡದಲ್ಲೇ ರಂಗಕ್ಕೆ ತರುತ್ತ ಬಂದಿದ್ದಾರೆ. ತನ್ನೂರಿನವರೇ ಪೇತ್ರನಾಗಿ, ವೆರೋನಿಕಳಾಗಿ, ಪಿಲಾತನಾಗಿ ಮಾತಾಡುವುದನ್ನು ಕಣ್ಣರಳಿಸಿ ನೋಡುವ ಮಗುವಿಗೆ ರಕ್ಷಣೆಯ ಕಥೆ ದೂರದೇಶದ ಕಥೆಯಾಗಿ ಉಳಿಯುವುದಿಲ್ಲ. ರಾತ್ರಿ ಊಟಕ್ಕೆ ಮುಂಚೆ ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು, ಮನೆಯವರೆಲ್ಲ ಸೇರಿ ಹತ್ತು ನಿಮಿಷ ನಮ್ಮ ಭಾಷೆಯಲ್ಲಿ ಪ್ರಾರ್ಥಿಸಿ. ಓದುಬರಹ ಬಾರದ ತಾಯಂದಿರು ಹೋಂವರ್ಕಿಗೆ ಸಹಾಯ ಮಾಡಲಾಗುತ್ತಿಲ್ಲವೆಂದು ಕೊರಗುತ್ತೀರಿ. ಕೊರಗಬೇಡಿ. ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ ಮಗುವನ್ನು ಬಾಗಿಲು ದಾಟಿಸುವುದಕ್ಕೆ ಅಕ್ಷರ ಬೇಕಿಲ್ಲ.

ನಮ್ಮ ಶಾಲೆಗೆ ಮಕ್ಕಳನ್ನು ಕಳಿಸುವ ಅನ್ಯಧರ್ಮದ ಬಂಧುಗಳಿಗೂ ನನ್ನ ವಂದನೆ. ನಿಮ್ಮ ಮಕ್ಕಳಿಗೆ ನೀತಿಪಾಠವಿದೆ. ಧರ್ಮೋಪದೇಶದ ತರಗತಿ ಕಥೋಲಿಕ ಮಕ್ಕಳಿಗೆ ಮಾತ್ರ. ನಿಮ್ಮ ಹಬ್ಬದ ಒಬ್ಬಟ್ಟು ನಮ್ಮ ಮಕ್ಕಳ ಡಬ್ಬಿಗೂ, ನಮ್ಮ ಕ್ರಿಸ್ಮಸ್ಸಿನ ಕೇಕು ನಿಮ್ಮ ಮಕ್ಕಳ ಕೈಗೂ ಬರುವ ಈ ಪದ್ಧತಿಯನ್ನು ಯಾರ ಮಾತು ಕೇಳಿಯೂ ಕೆಡಿಸಿಕೊಳ್ಳಬೇಡಿ.

ಈಗ, ಪ್ರಿಯ ಸಹೋದರ ಸಹೋದರಿಯರೇ, ಇದನ್ನೆಲ್ಲ ಓದಿ ಎದೆಯೊಳಗೆ ಭಾರವಾದವರಿಗೆ ಹೇಳುವ ಮಾತು. ನನ್ನ ಮನೆಯಲ್ಲಿ ಆಗಲೇ ತಡವಾಯಿತು, ನಾನು ಕುಡಿಯುವುದನ್ನು ಮಗ ನೋಡಿದ್ದಾನೆ, ನಾನು ಬೈಯುವುದನ್ನು ಮಗಳು ಕಲಿತಿದ್ದಾಳೆ, ಇನ್ನೇನು ಅಂಗಿ ಹೊಲಿಯಲಿ ಎನ್ನುತ್ತೀರಾ? ಪಾಪ ನಿಜ. ಅದನ್ನು ಸಣ್ಣದು ಮಾಡಿ ನಾನು ನಿಮ್ಮನ್ನು ಸಮಾಧಾನಪಡಿಸುವುದಿಲ್ಲ. ಆದರೆ ವರಪ್ರಸಾದ ಪಾಪಕ್ಕಿಂತ ಹೆಚ್ಚು ನಿಜ. ಆ ಅಗಸ್ಟೀನರನ್ನೇ ನೋಡಿ. ಮಗನ ಬಾಸುಂಡೆ ಕಂಡು ನಕ್ಕವರಲ್ಲಿ ತಾಯಿ ಮೋನಿಕಮ್ಮನೂ ಇದ್ದಳಲ್ಲ! ಅದೇ ತಾಯಿ ಮುಂದೆ ದಾರಿತಪ್ಪಿದ ಮಗನಿಗಾಗಿ ವರ್ಷಗಟ್ಟಲೆ ಅತ್ತಳು, ಅವನ ಹಿಂದೆ ಕಡಲು ದಾಟಿದಳು, 387ರ ಪಾಸ್ಖ ಹಬ್ಬದ ಹಿಂದಿನ ರಾತ್ರಿ ಮಿಲಾನಿನಲ್ಲಿ ಬಿಷಪ್ ಆಂಬ್ರೋಸರ ಕೈಯಿಂದ ಅವನು ಸ್ನಾನದೀಕ್ಷೆ ಪಡೆದದ್ದನ್ನು ಕಣ್ಣಾರೆ ಕಂಡಳು. ಮುಂಗೋಪಿಯಾಗಿದ್ದ ಗಂಡ ಪ್ಯಾಟ್ರಿಸಿಯಸನೂ ಸಾಯುವ ಮುಂಚೆ ಸ್ನಾನದೀಕ್ಷೆ ಪಡೆದಿದ್ದ. ನಕ್ಕ ತಾಯಿಯೇ ಅತ್ತಳು. ಅತ್ತ ತಾಯಿಯೇ ಸಂತಳಾದಳು. ಅಷ್ಟೇ ಏಕೆ, ಏಲಿಯನ್ನೇ ನೋಡಿ. ಸ್ವಂತ ಮಕ್ಕಳ ವಿಷಯದಲ್ಲಿ ಸೋತ ಆ ಮುದುಕನೇ ರಾತ್ರಿ ಬಾಲಕ ಸಮುವೇಲನಿಗೆ ಕೇಳಿಸಿದ ಕರೆ ದೇವರದೆಂದು ಅವನಿಗೆ ತಿಳಿಸಿ, ಹೇಗೆ ಓಗೊಡಬೇಕೆಂದು ಹೇಳಿಕೊಟ್ಟವನು. ಸೋತವನ ಬಾಯಿಯಿಂದಲೂ ದೇವರು ಮಗುವಿಗೆ ಪಾಠ ಮಾಡಿಸುತ್ತಾರೆ. ಕುಡಿತ ಬಿಡಲು ಪಣತೊಡುವ ತಂದೆಯೇ, ನಿನ್ನ ಹೋರಾಟವನ್ನು ನೋಡುವ ಮಗ ಯಾವ ಪಠ್ಯಪುಸ್ತಕವೂ ಕಲಿಸದ್ದನ್ನು ಕಲಿಯುತ್ತಾನೆ. ಎರಡು ಸಲ ಬಿದ್ದರೂ ಮೂರನೆಯ ಸಲ ಏಳು. ಮಗುವಿನ ಮುಂದೆ ತಪ್ಪೊಪ್ಪಿಕೊಂಡು ಕ್ಷಮೆ ಕೇಳುವ ತಾಯಿಯೇ, ಕ್ಷಮೆ ಕೇಳಿದ್ದರಿಂದ ನಿನ್ನ ಮರ್ಯಾದೆ ತಗ್ಗುವುದಿಲ್ಲ.

ಮುಂದಿನ ಹಬ್ಬಗಳನ್ನು ಮಕ್ಕಳ ಡೈರಿಯಲ್ಲಿ ಗುರುತು ಹಾಕಿಸಿ: ಜೂನ್ 21 ಯುವಜನರ ಪಾಲಕ ಸಂತ ಅಲೋಶಿಯಸ್ ಗೊನ್ಜಾಗರ ಹಬ್ಬ. ಜುಲೈ 26 ಯೇಸುಸ್ವಾಮಿಯ ಅಜ್ಜ ಅಜ್ಜಿಯಾದ ಸಂತ ಜೋಕಿಮ್ ಮತ್ತು ಅನ್ನಮ್ಮನವರ ಹಬ್ಬ, ಆ ದಿನದ ಹಬ್ಬಕ್ಕೆ ಮನೆಯ ಹಿರಿಯರು ತಪ್ಪದೆ ಬರಬೇಕು. ಆಗಸ್ಟ್ 15ಕ್ಕೆ ಧ್ವಜಾರೋಹಣವೂ ಮಾತೆ ಮರಿಯಮ್ಮನ ಸ್ವರ್ಗಸ್ವೀಕಾರದ ಬಲಿಪೂಜೆಯೂ ಒಂದೇ ಬೆಳಿಗ್ಗೆ ಬರುತ್ತವೆ. ಎರಡಕ್ಕೂ ಇಸ್ತ್ರಿ ಮಾಡಿದ ಒಂದೇ ಸಮವಸ್ತ್ರ ಸಾಕು. ಸೆಪ್ಟೆಂಬರ್ 8 ಮಾತೆಯ ಜನನದ ಹಬ್ಬ.

ಶಾಲಾವರ್ಷದ ಬಲಿಪೂಜೆ ಬರುವ ಭಾನುವಾರ ಬೆಳಿಗ್ಗೆ ನಡೆಯುತ್ತದೆ. ಮಕ್ಕಳು ಪುಸ್ತಕದ ಬ್ಯಾಗುಗಳನ್ನು ತರಲಿ, ಪೀಠದ ಮುಂದಿಟ್ಟು ಆಶೀರ್ವದಿಸುತ್ತೇನೆ. ಅದಕ್ಕೆ ಒಂದು ಗಂಟೆ ಮುಂಚಿನಿಂದಲೇ ನಾನು ಪಾಪನಿವೇದನೆಯ ಪೀಠದಲ್ಲಿ ಇರುತ್ತೇನೆ. ಪ್ರಥಮ ಪರಮಪ್ರಸಾದಕ್ಕೆ ತಯಾರಾಗುತ್ತಿರುವ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿ ನೀವು ಹೊರಗೆ ಬೈಕಿನ ಮೇಲೆ ಕುಳಿತು ಮಾತಾಡುತ್ತಿರಬೇಡಿ. ಈ ಸಲ ತಂದೆಯರು ಸಾಲಿನ ಮುಂದೆ ನಿಲ್ಲಿ, ತಾಯಂದಿರು ಅವರ ಹಿಂದೆ, ಮಕ್ಕಳು ಕೊನೆಗೆ. ಎಷ್ಟೇ ಹೊತ್ತಾದರೂ ಎಲ್ಲರ ಪಾಪನಿವೇದನೆ ಮುಗಿದ ಮೇಲೆಯೇ ಬಲಿಪೂಜೆಯ ಗಂಟೆ ಬಾರಿಸುತ್ತೇವೆ.